ದ್ವಿಚಕ್ರವರ್ಣರಕ್ಷಾ ಮೀಮಾಂಸೆ

ಸೈಕಲ್ಲಿನ ಚೌಕಟ್ಟಿಗೂ ಅದರ ಮೇಲಿನ ಬಣ್ಣಕ್ಕೂ ಇರುವ ಸಂಬಂಧವು ನೈಯಾಯಿಕರು ಹೇಳುವ ಸಮವಾಯವೋ ಅಥವಾ ಕೇವಲ ಸಂಯೋಗವೋ ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರಾರೂ ಎತ್ತದೆ ಹೋದದ್ದು, ಅವರ ಕಾಲದಲ್ಲಿ ಸೈಕಲ್ಲು ಇರಲಿಲ್ಲವೆಂಬ ಅಲ್ಪಕಾರಣದಿಂದಲೇ ಹೊರತು ಪ್ರಶ್ನೆಯ ಲಘುತ್ವದಿಂದಲ್ಲ. ಅಂಗಡಿಯಿಂದ ಹೊಸ ಗಾಡಿಯನ್ನು ತಳ್ಳಿಕೊಂಡು ಬರುವ ಗೃಹಸ್ಥನು, ಒಲೆಯ ಕಾವಿನಲ್ಲಿ ಬೆಂದು ಗಟ್ಟಿಯಾದ ಕಪ್ಪು ಎನಾಮೆಲ್ಲನ್ನೂ ಅದರ ಮೇಲೆಳೆದ ಹೊನ್ನಿನ ಗೆರೆಯನ್ನೂ ಕಂಡು, ಕಬ್ಬಿಣವಿರುವ ತನಕ ಬಣ್ಣವೂ ಇರತಕ್ಕದ್ದೇ, ಇದು ಸಮವಾಯವೇ ಸರಿ ಎಂದು ನಿಶ್ಚಯಿಸುತ್ತಾನೆ; ಕಛೇರಿಯ ಕಂಬಿಗೆ ಸರಪಳಿ ಸುತ್ತಿ ಬೀಗ ಹಾಕತೊಡಗಿದ ಕೆಲವೇ ದಿನಗಳಲ್ಲಿ, ಬಾರಿನ ಕೆಳಮೈಯಲ್ಲಿ ಉಗುರಿನಗಲದ ಬೆತ್ತಲೆ ಲೋಹವು ಇಣುಕಿ, ಸಂಯೋಗಪಕ್ಷವನ್ನು ಪ್ರತ್ಯಕ್ಷಪ್ರಮಾಣದಿಂದ ಸ್ಥಾಪಿಸುತ್ತದೆ.

ಕಳ್ಳನು ಬಂದರೂ ಬರಬಹುದು, ಬಾರದೆಯೂ ಇರಬಹುದು. ಬೀಗವಾದರೋ ನಿತ್ಯವೂ ತಪ್ಪದೆ ಬರುತ್ತದೆ. ಆದಕಾರಣ ಚೋರಭಯದಿಂದ ಬೀಗವನ್ನು ಆಶ್ರಯಿಸಿದವನು ಬೀಗಭಯದಿಂದ ಮತ್ತೊಂದನ್ನು ಆಶ್ರಯಿಸಬೇಕಾಗಿ, ಆ ಮತ್ತೊಂದು ಯಾವುದೆಂಬಲ್ಲಿ ಪಂಡಿತರು ಒಡೆದು ನಿಂತಿದ್ದಾರೆ. ಬಣ್ಣಗೆಟ್ಟ ಗಾಡಿಯನ್ನು ಯಾರೂ ಕದಿಯರು, ಉಜ್ಜಿದರೆ ಉಜ್ಜಲಿ ಎನ್ನುವ ಚಾರ್ವಾಕರೂ ಉಂಟು. ಅವರಿಗೆ ಉತ್ತರ ಕೊಡುವ ಶ್ರಮವನ್ನು ತುಕ್ಕು ತಾನೇ ವಹಿಸಿಕೊಳ್ಳುತ್ತದೆ. ಕಬ್ಬಿಣವು ತುಕ್ಕಾಗುವಾಗ ಗಾತ್ರದಲ್ಲಿ ಹಿಗ್ಗುವುದರಿಂದ ಗಾಯದಂಚಿನ ನಿರಪರಾಧಿ ಬಣ್ಣವೂ ಅಡಿಯಿಂದೆದ್ದು ಉದುರುತ್ತದೆ.

ಚೌಕಟ್ಟಿಗೇ ಉಡಿಸತಕ್ಕದ್ದೆಂಬ ಮತದ ಮೂಲಪುರುಷನು ಸೈಕಲ್ ಶಾಪಿನವನು. ತೇಪೆಯ ಮೇಲೆ ತೇಪೆ ಬಿದ್ದು ಕೈಬಿಟ್ಟ ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿಯ ಪುಡಿಯನ್ನು ಒರೆಸಿ, ಎಳೆದೆಳೆದು ಬಾರಿಗೆ ಓರೆಯಾಗಿ ಸುತ್ತಿ, ತುದಿಯನ್ನು ಕಡೆಯ ಸುತ್ತಿನಡಿಗೆ ತೂರಿಸುತ್ತಾನೆ. ಹಿಂದಿನ ಚಕ್ರಕ್ಕೆ ಅಡ್ಡಬೀಳುವ ಬೀಗದ ಪಟ್ಟಿಯ ಕೆಳಗೂ ಅದೇ ರಬ್ಬರಿನ ತುಣುಕನ್ನು ಕೊಟ್ಟೇ ಸ್ಕ್ರೂ ತಿರುವುತ್ತಾನೆ. 1888ರಲ್ಲಿ ಗಾಳಿಟೈರಿಗೆ ಪೇಟೆಂಟು ಪಡೆದ ಡನ್‌ಲಪ್ ಮಹಾಶಯನು ರಬ್ಬರಿನ ಈ ಮರಣೋತ್ತರ ವಿನಿಯೋಗವನ್ನು ಊಹಿಸಿದ್ದನೆಂದು ತೋರುವುದಿಲ್ಲ. ಈ ಮತಕ್ಕೆ ದೋಷವೊಂದೇ, ಆದರೆ ದೊಡ್ಡದು. ಸುತ್ತಿನ ಸಂದಿಗೆ ಬೀದಿಯ ಧೂಳು ಸೇರುತ್ತದೆ. ಆ ಧೂಳಿನಲ್ಲಿಯ ಬೆಣಚುಕಲ್ಲಿನ ಕಣವಾದರೋ, ಮೋಹ್ಸ್ ಪಂಡಿತನು ಏರ್ಪಡಿಸಿದ ಕಾಠಿಣ್ಯದ ಹತ್ತು ಮೆಟ್ಟಿಲುಗಳಲ್ಲಿ ಏಳನೆಯದರ ಮೇಲೆ ಕುಳಿತದ್ದು, ಬಣ್ಣಕ್ಕಿಂತ ಬಹುದೂರ ಎತ್ತರದಲ್ಲಿರುವಂಥದು. ಮಳೆಗಾಲದಲ್ಲಿ ಅದರೊಡನೆ ನೀರೂ ನಿಂತು, ಹೊರಗೆ ರಕ್ಷಣೆ, ಒಳಗೆ ಭಕ್ಷಣೆ ಎಂಬಂತಾಗುತ್ತದೆ. ಆಗಾಗ್ಗೆ ಬಿಚ್ಚಿ ಒರೆಸಿದರೆ ದೋಷವಿಲ್ಲವೆಂಬ ಪರಿಹಾರ ಉಂಟಾದರೂ, ಬಿಚ್ಚಿ ಒರೆಸುವ ಪುರುಷನು ಮೊಲದ ಕೊಂಬಿನಷ್ಟೇ ದುರ್ಲಭನು.

ಹೊಲಕ್ಕೆಲ್ಲ ಬೇಲಿ ಕಟ್ಟುವ ಬದಲು ಎತ್ತಿಗೊಂದು ಬಾಯಿಕುಕ್ಕೆ ತೊಡಿಸುವ ನ್ಯಾಯದಿಂದ, ಸರಪಳಿಗೇ ಬಟ್ಟೆಯ ಕೊಳವೆ ಹೊಲಿದು ತೊಡಿಸಿ, ಬೀಗದ ಬುರುಡೆಯು ಚೌಕಟ್ಟಿಗೆ ತಗುಲದಂತೆ ಕಂಬಿಯ ಆಚೆಗೆ ತೂಗಬಿಡುವುದೇ ಸಿದ್ಧಾಂತವೆಂದು ನಮ್ಮ ನಿರ್ಣಯ. ಹಾಗಾದರೆ ಗಾಡಿ ಓಡುವಾಗ ಆ ಸರಪಳಿಗೆ ಸ್ಥಾನವೆಲ್ಲಿ, ಬಾರಿಗೆ ಸುತ್ತಿದರೆ ಹಳ್ಳದಿಣ್ಣೆಗಳಲ್ಲಿ ಕುಟ್ಟದೆ ಬಿಟ್ಟೀತೆ ಎಂದು ಪೂರ್ವಪಕ್ಷಿಯು ಕೇಳಿದಲ್ಲಿ, ಸೀಟಿನ ಕೆಳಗಣ ಕಂಬಕ್ಕೆ ಸುತ್ತತಕ್ಕದ್ದು. ಅಲ್ಲಿ ಬಣ್ಣವಿಲ್ಲ, ಕ್ರೋಮಿಯಂ ಲೇಪವಿರುವುದು. ಅದರ ರಕ್ಷಣೆಯು ಈ ಪ್ರಬಂಧದ ವ್ಯಾಪ್ತಿಗೆ ಬಾರದು.