ಬೈಗುಳದ ಬ್ಯಾಂಡ್‌ಸೆಟ್ಟು

(ಬೆಟ್ಟದಪುರ. ಬ್ಯಾಂಡ್‌ಸೆಟ್ ಮಾವನ ಜಗಲಿ. ಬೆಂಗಳೂರಿನಿಂದ ಬಂದ ಅಳಿಯನ ಮೈಮೇಲೆ ಕರಿ ಟೀಶರ್ಟು.)

ಮಾವ: ಏನ್ಲಾ ಅದು, ಎದೆ ಮೇಲೆ ಬರ್ಸ್ಕೊಂಡಿರೋದು?

ಅಳಿಯ: ಬ್ಯಾಂಡಿನ ಹೆಸರು ಮಾವ. ‘ಬೇವರ್ ಸೀ’. ಬೆಂಗಳೂರಿನವರೇ. 2012ರಲ್ಲಿ ಆಲ್ಬಮ್ಮೂ ಬಂತು. (ದನಿ ತಗ್ಗಿತು; ಅತ್ತೆ ಒಳಗೇ ಇದ್ದರು.)

ಮಾವ: ಬೇವರ್ಸಿನಾ! ಆ ಮಾತನ್ನ ನಾನು ಹೊಗೆಸೊಪ್ಪಿನ ಹರಾಜಲ್ಲಿ ಬಿಟ್ಟಿ ಕೇಳ್ತೀನಿ. ನೀನು ಟಿಕೆಟ್ ತಗೊಂಡು ಕೇಳ್ತೀಯ?

ಅಳಿಯ: ಹೊರದೇಶದವು ಇನ್ನೂ ಜೋರು. ಅಮೆರಿಕದಲ್ಲಿ 1978ರಲ್ಲಿ ಹುಟ್ಟಿದ್ದು ‘ಡೆಡ್ ಕೆನಡೀಸ್’.

ಮಾವ: ಗುಂಡೇಟಿಗೆ ಸತ್ತೋರ ಹೆಸರಲ್ಲಿ ವಾದ್ಯವೇ? ಸಾವಿಗೆ ನಾವೂ ಬಾರಿಸ್ತೀವಿ ಕಣಪ್ಪ, ಬೋರ್ಡಲ್ಲಿ ಬರ್ಸಲ್ಲ.

ಅಳಿಯ: 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಲಂಡನ್ನಿನ ‘ಐರನ್ ಮೇಡನ್’ ಬಂದಿತ್ತು. ಒಳಗೆಲ್ಲ ಮೊಳೆ ಹೊಡೆದ ಚಿತ್ರಹಿಂಸೆ ಪೆಟ್ಟಿಗೆಯ ಹೆಸರದು. ಸಾವಿರಾರು ಜನ ಸೇರಿದ್ರು.

ಮಾವ: ನಾವು ದೇವರ ಹೆಸರಿಟ್ಟು ಮದುವೇಲಿ ಊದಿದ್ರೆ, ಇರೋ ನಾಲ್ಕು ಜನಾನೂ ಊಟದ ಪಂಕ್ತಿ ಕಡೆ ನೋಡ್ತಿರ್ತಾರೆ.

ಅಳಿಯ: ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನನೇ ಕೂತಿದ್ದಾನೆ. ಬಂಡೆ, ಸಿಡಿಲು ಎರಡೂ ನಮ್ಮವೇ. ಇಂಥ ಹೆಸರು ಲಂಡನ್ನಿನವರಿಗೂ ಸಿಕ್ಕಿಲ್ಲ.

ಮಾವ: ಹಂಗಾದ್ರೆ ಬರೀ ‘ಸಿಡಿಲು’ ಅಂತ ಇಟ್ಬಿಡೋಣ್ವಾ?

ಅಳಿಯ: ಸಾಲ್ದು ಮಾವ. ಓದ್ದೋರಿಗೆ ಸಿಟ್ಟು ಬರ್ಬೇಕು.

ಮಾವ: ಹೋದ ಸೀಸನ್ನಿನ ಬಾಕಿ ಕೊಡ್ದೆ ಇರೋರ ಹೆಸರನ್ನೇ ಡೋಲಿನ ಮೇಲೆ ಬರ್ಸ್ತೀನಿ. ಪಿರಿಯಾಪಟ್ಟಣ ತಾಲೂಕಿಗೆ ತಾಲೂಕೇ ಸಿಟ್ಟಾಗುತ್ತೆ!