ಹಬ್ಬಕ್ಕ ಯಾವ ಕಡೆ ಹೊಂಟ್ರಿ?

ಶ್ರಾವಣ ಹಿಡಿಯಿತೆಂದರೆ ನಮ್ಮ ಅವಳಿ ನಗರದ ಪತ್ರಿಕೆಗಳಲ್ಲಿ ‘ನಗರದಲ್ಲಿ ಇಂದು’ ಎಂಬ ಮೂಲೆ ದಿನದಿನಕ್ಕೆ ಮೈ ತುಂಬಿಕೊಳ್ಳುತ್ತದೆ. ಧಾರವಾಡ ಅಂತ ಒಂದು ತಲೆಬರಹ, ಹುಬ್ಬಳ್ಳಿ ಅಂತ ಇನ್ನೊಂದು. ದತ್ತಿ ಉಪನ್ಯಾಸ, ಸನ್ಮಾನ, ಪ್ರವಚನ, ಪುರಾಣದ ಮಂಗಲ, ರಂಗೋಲಿ ಸ್ಪರ್ಧೆ, ಉಚಿತ ಕಣ್ಣಿನ ತಪಾಸಣೆ, ಕೊನೆಗೆ ಅನ್ನಸಂತರ್ಪಣೆ. ಎರಡು ತಲೆಬರಹಗಳ ನಡುವೆ ಒಂದು ಸಣ್ಣ ಗೆರೆ ಎಳೆದಿರುತ್ತಾರಲ್ಲ, ಲಕಮನಹಳ್ಳಿ ಇರುವುದು ಆ ಗೆರೆಯ ಮೇಲೆ.

ಧಾರವಾಡದವರಿಗೆ ನಮ್ಮೂರ ಹೆಸರು ಹೇಳಿದರೆ, ‘ಹೌದೇನ್ರಿ, ಹುಬ್ಬಳ್ಳಿ ಕಡೆ ಅಂದಂಗಾತು’ ಅನ್ನುತ್ತಾರೆ. ಹುಬ್ಬಳ್ಳಿಯವರಿಗೆ ಹೇಳಿದರೆ, ‘ಅಂದ್ರ ಧಾರವಾಡದಾಗ ಬಿಡ್ರಿ’. 1962ರಲ್ಲಿ ಎರಡೂ ಊರಿಗೆ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಆಗಲಿ ಅಂತ ಸಚಿವ ಸಂಪುಟ ಒಪ್ಪಿತು. ಅಣ್ಣತಮ್ಮಂದಿರು ಬೇರೆ ಆಗುವಾಗ ಅಟ್ಟದ ಮೇಲಿನ ಹಂಡೆ ಹೇಗೆ ಸುಮ್ಮನೆ ಕೂತು ನೋಡುತ್ತದೋ ಹಾಗೆ ನಾವೂ ನೋಡುತ್ತಿದ್ದೇವೆ.

ಈ ಸಲ ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಫೋನು ಮಾಡಿ, ‘ಮಾಮಾ, ರಜಾಕ್ಕ ಬರ್ತೀನಿ. ನಿಮ್ಮಲ್ಲಿ ಏನೇನ್ ಇವೆಂಟ್ಸ್ ಅದಾವ, ಏನೇನ್ ಸೌಕರ್ಯ ಐತಿ, ಒಂದ್ ಲಿಸ್ಟ್ ಕಳಸ್ರಿ’ ಅಂದ. ಲಿಸ್ಟ್ ಅಂದನಲ್ಲ, ಕೂತು ಯೋಚಿಸಿದೆ.

ಮೊದಲು ಧಾರವಾಡ. ಧಾರವಾಡದ ಹಬ್ಬ ಅಂದರೆ ಕುರ್ಚಿ. ರಾ. ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅವತ್ತಿನಿಂದ ಈ ಊರು ಸಂಜೆ ಆದರೆ ಸಾಕು, ಸಾಲುಗಟ್ಟಿ ಕುಳಿತುಕೊಳ್ಳುವುದನ್ನು ರೂಢಿ ಮಾಡಿಕೊಂಡಿದೆ. ಯಾವ ಸಭಾಭವನವೇ ಆಗಲಿ, ಪತ್ರಿಕೆಯಲ್ಲಿ ಐದೂವರೆ ಅಂತ ಇದ್ದರೆ ಕೇಳುಗರು ಆರಕ್ಕೆ, ಅಧ್ಯಕ್ಷರು ಆರೂಕಾಲಿಗೆ. ‘ಎರಡೇ ಮಾತು’ ಅಂತ ಎದ್ದವರು ಮುಕ್ಕಾಲು ತಾಸಿಗೆ ಎರಡನೇ ಮಾತಿನ ಹತ್ತಿರ ಬಂದಿರುತ್ತಾರೆ. ಕೇಳುಗನೂ ಕಡಿಮೆ ಆಸಾಮಿ ಅಲ್ಲ. ವಂದನಾರ್ಪಣೆ ಮುಗಿಯುವ ತನಕ ಮಿಸುಕದೆ ಕೂತು, ಹೊರಗೆ ಮೆಟ್ಟಿಲ ಮೇಲೆ ಚಹಾದ ಕಪ್ಪು ಹಿಡಿದು ತನ್ನದೊಂದು ಉಪನ್ಯಾಸ ಶುರು ಹಚ್ಚುತ್ತಾನೆ. ಅಸಲಿಗೆ ಅದೇ ಚಲೋ ಇರುತ್ತದೆ. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಅಂತ ಹಳೇ ಮಾತು. ಲಕಮನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಗೆದು ನೋಡಿ, ಶೆಡ್ಡಿನ ತಗಡಿನ ಮೇಲೆ ಬಿದ್ದು ವಾಚ್‌ಮನ್ ಓಡಿ ಬರುತ್ತಾನೆ.

ಹುಬ್ಬಳ್ಳಿಯ ಹಬ್ಬಕ್ಕೆ ಕುರ್ಚಿ ಬೇಡ, ಕಾಲು ಬೇಕು. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ಸೀಮೆಯವರು. 1893ರಲ್ಲಿ ತಿಲಕರು ಓಣಿಗೆ ಇಳಿಸಿದ ಗಣಪತಿ ಇತ್ತ ಬಂದವನು ಇಲ್ಲೇ ಬೀಡುಬಿಟ್ಟ. ಹನ್ನೊಂದು ದಿನ ಪೆಂಡಾಲಿನಿಂದ ಪೆಂಡಾಲಿಗೆ ಜನ ನಡೆಯುತ್ತಲೇ ಇರುತ್ತಾರೆ, ಹೆಗಲ ಮೇಲೆ ಕೂಸು, ಕೈಯಲ್ಲಿ ಗಿರಮಿಟ್ಟಿನ ಪೊಟ್ಟಣ. ಮೂರ್ತಿಗೆ ‘ಹುಬ್ಬಳ್ಳಿ ಕಾ ರಾಜಾ’ ಅಂತ ಹಿಂದಿ ಹೆಸರು, ಎದುರಿಗೆ ನಿಂತವರ ಬೇಡಿಕೆಯೆಲ್ಲ ಅಚ್ಚ ಕನ್ನಡ. ಗಣಪನಿಗೆ ಎರಡೂ ಬರುತ್ತವೆ ಅಂತ ಕಾಣುತ್ತದೆ. ಇನ್ನು ಪರ ಊರಿನಿಂದ ಹಬ್ಬಕ್ಕೆ ಬರುವ ಬೀಗರು ಇಳಿಯುವುದು ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮು 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಕೊನೇ ಡಬ್ಬಿಯಲ್ಲಿ ಬಂದವರು ಚೀಲ ಹೊತ್ತು ಹೊರಬರುವಷ್ಟರಲ್ಲಿ ಹಬ್ಬದೂಟಕ್ಕೆ ಬೇಕಾದ ಹಸಿವು ತಾನಾಗಿ ಹುಟ್ಟಿರುತ್ತದೆ.

ನಡುವೆ ನಮ್ಮ ಚಿಗರಿ ಬಸ್ಸಿನ ತಾಣ. ರಸ್ತೆಯ ನಟ್ಟನಡುವೆ ಗಾಜಿನ ಮನೆ, ಬಸ್ಸಿಗೆ ಬಲಗಡೆ ಬಾಗಿಲು. ಹಬ್ಬದ ದಿನಗಳಲ್ಲಿ ಇಲ್ಲಿ ನಿಂತು ನೋಡುವುದೇ ಒಂದು ಕಾರ್ಯಕ್ರಮ. ಧಾರವಾಡದ ಕಡೆ ನಿಂತವರ ಕೈಯಲ್ಲಿ ಆಮಂತ್ರಣ ಪತ್ರಿಕೆ, ಹುಬ್ಬಳ್ಳಿ ಕಡೆ ನಿಂತವರ ಕೈಯಲ್ಲಿ ದುರ್ಗದ ಬೈಲಿನ ಸಂತೆಗೆ ಅಂತ ಮಡಚಿಟ್ಟ ಖಾಲಿ ಚೀಲ. ಬರುವಾಗ ಪತ್ರಿಕೆ ಖಾಲಿ, ಚೀಲ ಭರ್ತಿ. ಸೆಪ್ಟೆಂಬರಿನಲ್ಲಿ ಮಾತ್ರ ಎರಡೂ ಕಡೆಯವರು ಒಂದೇ ದಿಕ್ಕಿಗೆ ಹೊರಡುತ್ತಾರೆ, ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ. ರೈತರು ಹೋಗುವುದು ಬೀಜಕ್ಕೆ, ಪೇಟೆಯವರು ಹೋಗುವುದು ಮಿರ್ಚಿ ಭಜಿಗೆ. ಬರುವಾಗ ಒಂದು ಮಾವಿನ ಸಸಿ ತಂದು ಬಾಲ್ಕನಿಯಲ್ಲಿ ಇಡುತ್ತಾರೆ. ಮುಂದಿನದ್ದು ಸಸಿಯ ಹಣೇಬರಹ.

ಇಷ್ಟೆಲ್ಲ ಬರೆದು ಕಳಿಸಿದರೆ ಹುಡುಗ, ‘ಅದೆಲ್ಲಾ ಖರೇ ಮಾಮಾ, ಲಕಮನಹಳ್ಳ್ಯಾಗ ಏನೈತಿ?’ ಅಂತ ಕೇಳಬೇಕೇ!

ಲಕಮನಹಳ್ಳಿಯಲ್ಲಿ ಇರುವುದು ಹಿಂದಿನ ಮನೆ ಅಕ್ಕಾರು. ಅವರ ತಲೆಯೊಳಗಿನ ಯಾದಿ ಯಾವ ಪಾಲಿಕೆಯ ಕಡತದಲ್ಲೂ ಸಿಗುವುದಿಲ್ಲ. ಪಂಚಮಿಗೆ ಜೋಕಾಲಿ ಕಟ್ಟಲು ತಡೆಯುವಂಥ ಹಗ್ಗ ಯಾರ ಮನೆಯಲ್ಲಿದೆ, ಅದನ್ನು ಯಾವ ಟೊಂಗೆಗೆ ಹಾಕಿದರೆ ಲೈಟಿನ ತಂತಿಗೆ ತಾಗುವುದಿಲ್ಲ, ಐವತ್ತು ಮಂದಿಗೆ ಹುಗ್ಗಿ ಮಾಡುವ ಕೊಪ್ಪರಿಗೆ ಈಗ ಯಾರ ಹಿತ್ತಲಲ್ಲಿ ಮಳೆ ನೀರು ಹಿಡಿಯುತ್ತಿದೆ, ದಸರೆಗೆ ಬನ್ನಿ ಎಲ್ಲಿಂದ ತರಬೇಕು, ಎಲ್ಲ ಬಾಯಿಪಾಠ. ಪಂಚಮಿಯ ಹಿಂದಿನ ದಿನ ಅವರ ಅಡುಗೆಮನೆಗೆ ಹೋದರೆ ನಾಲ್ಕು ಪರಾತಗಳು ಸಾಲಾಗಿ ಇರುತ್ತವೆ: ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಗುಳ್ಳಡಕಿ. ಬೆಲ್ಲದ ಪಾಕ ಏರಿದರೆ ಗುಳ್ಳಡಕಿ ಉಂಡಿ ಕಲ್ಲಾಗುತ್ತದೆ, ಇಳಿದರೆ ಕೂಡುವುದೇ ಇಲ್ಲ. ಅಕ್ಕಾರು ಒಂದು ಹನಿ ನೀರಿಗೆ ಬಿಟ್ಟು, ಬೆರಳಿಂದ ಉರುಳಿಸಿ, ‘ಹೂಂ, ಈಗ ಸುರೀ’ ಅನ್ನುತ್ತಾರೆ. ಸುರಿಯುವವಳು ಹೊಸ ಸೊಸೆ, ಬಿಸಿ ತಾಳದೆ ಉಂಡಿ ಕಟ್ಟುವವರು ಓಣಿಯ ಅಷ್ಟೂ ಹೆಂಗಸರು, ಮುರಿದ ಉಂಡಿಗೆ ಕಾದು ಕೂತವರು ನಾವು ಗಂಡಸರು. ನಮಗೊಂದು ಸ್ಥಾಯಿ ಸಮಿತಿ ಮಾಡಿದರೂ ಅಡ್ಡಿಯಿಲ್ಲ.

ಒಂದೇ ವಿಷಯದಲ್ಲಿ ಅಕ್ಕಾರೂ ಪೇಚಾಡುತ್ತಾರೆ. ದೀಪಾವಳಿ ಪಾಡ್ಯದ ದಿನ ಆಕಳ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂ ಸಿಗಿಸಿ, ಬಾಗಿಲಿಗೆ ಕೂರಿಸಬೇಕು. ಈಗ ನೋಡಿ ನಮ್ಮ ವೈಭವ: ಧಾರವಾಡ ಹಾಲು ಒಕ್ಕೂಟದ ಡೇರಿ ಇರುವುದು ಇದೇ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಇಪ್ಪತ್ತೈದು ಎಕರೆ ಜಾಗದಲ್ಲಿ. ಹಾಲಿನ ಟ್ಯಾಂಕರು ಹಗಲೂ ರಾತ್ರಿ ಬರುತ್ತವೆ. ಹಾಲು ಬೇಕೇ, ಪಾಕೀಟಿದೆ. ಮೊಸರು, ತುಪ್ಪ, ಪೇಡೆ, ಎಲ್ಲಕ್ಕೂ ಪಾಕೀಟಿದೆ. (ಇಷ್ಟಿದ್ದೂ ನಾವು ಪೇಡೆಗೆ ಲೈನ್ ಬಜಾರಿಗೇ ಹೋಗಿ ಪಾಳಿ ಹಚ್ಚುವುದು, ಆ ಮಾತು ಬೇರೆ.) ಸಗಣಿ ಮಾತ್ರ ಒಂದು ಬೊಗಸೆ ಇಲ್ಲ! ಗೌಳಿಗರ ಮನೆಗೆ ಹೋದರೆ ಅಲ್ಲಿರುವುದು ಎಮ್ಮೆ. ಪಾಡ್ಯಕ್ಕೆ ಅವುಗಳ ಕೋಡಿಗೆ ಬಣ್ಣ ಬಳಿದು ಮೆರೆಸುವ ಗಡಿಬಿಡಿಯಲ್ಲಿ ಅವರು ನಮ್ಮ ಬುಟ್ಟಿಯ ಕಡೆ ನೋಡುವುದೂ ಇಲ್ಲ.

ಬೆಂಗಳೂರಿನ ಹುಡುಗನಿಗೆ ಇದು ಕೇಳಿ ಬಲು ಹುರುಪು ಬಂತು. ‘ಅಷ್ಟ ಅಲ್ಲೇನ್ರಿ’ ಅಂದವನೇ ಮೊಬೈಲಿನಲ್ಲಿ ಆರ್ಡರ್ ಹಾಕಿದ. ನರಕ ಚತುರ್ದಶಿಯ ದಿನ ಪಾರ್ಸಲ್ ಬಂತು. ಥರ್ಮಾಕೋಲು, ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ಕು, ಅದರೊಳಗೆ ಬಂಗಾರದ ಬಣ್ಣದ ಡಬ್ಬಿ, ಡಬ್ಬಿಯೊಳಗೆ ಬಿಲ್ಲೆಬಿಲ್ಲೆಯಾಗಿ ಒಣಗಿಸಿದ ಕುಳ್ಳು. ಅಕ್ಕಾರು ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಒಣಾ ಕುಳ್ಳಿನಾಗ ಭೀಮಸೇನನ್ನ ಹೆಂಗ ಮಾಡ್ಲೋ ಯಪ್ಪಾ?’

‘ನೀರಾಗ ನೆನಿ ಇಟ್ರ?’

‘ಏನ್ ಅವಲಕ್ಕಿ ಅಂದ್ಕೊಂಡೀಯೇನು! ಒಯ್ದು ಹಂಡೇದ ಒಲಿಗೆ ಹಾಕು, ಜಳಕದ ನೀರರ ಕಾಯ್ತಾವು. ಆಮ್ಯಾಲೆ ಆ ಬುಟ್ಟಿ ತಗೊಂಡು ನವಲೂರ ಹಾದಿ ಹಿಡಿ. ಆಕಳಾ ಕಟ್ಟಿದ ಮನಿ ಎಲ್ಲೆ ಕಂಡ್ರೂ ನನ್ನ ಹೆಸರ ಹೇಳು, ಕೊಡ್ತಾರ. ಚಿಗರ್ಯಾಗ ಹೋಗು, ಆದ್ರ ಬರೂಮುಂದ ನಡಕೋತ ಬಾ. ಎಸಿ ಬಸ್ಸಿನಾಗ ಮಂದಿ ಇರ್ತಾರ.’