ನಿಮ್ದು ಎಷ್ಟಡಿ?

ಹುಳಿಯಾರು ಸೀಮೆಯಲ್ಲಿ ಈಗ ಮನುಷ್ಯನ ಘನತೆಯನ್ನು ಅಡಿಯಲ್ಲಿ ಅಳೆಯುತ್ತಾರೆ. ಮೇಲಕ್ಕಲ್ಲ, ಕೆಳಕ್ಕೆ. ಟೀ ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ, "ನಿಮ್ದು ಎಷ್ಟಡಿ?" ಎಂಟುನೂರು ಅಂದವನು ತಲೆ ತಗ್ಗಿಸುತ್ತಾನೆ. ಸಾವಿರದ ಇನ್ನೂರು ಅಂದವನು ಮೀಸೆ ತಿರುವುತ್ತಾನೆ. ಇಬ್ಬರ ಬೋರಿನಲ್ಲೂ ಬಂದದ್ದು ಧೂಳೇ.

ತೆಂಗಿನ ಬೇರಿನ ಬಹುಪಾಲು ನೆಲದ ಮೇಲ್ಪದರದ ನಾಲ್ಕೈದು ಅಡಿಯೊಳಗೇ ಇರುತ್ತದೆ. ಮರಕ್ಕೆ ಅಷ್ಟು ಸಾಕು. ನಮಗೆ ಸಾಲದು.

ಕೊರೆಸುವ ಮುನ್ನ ಪಾಯಿಂಟ್ ಮಾಡಿಸಬೇಕಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬರು ತೋಟ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಗಂಗೆ. ಬೋರ್ ಫೇಲಾದರೆ ತಪ್ಪು ನಮ್ಮ ಗ್ರಹಚಾರದ್ದು, ಕಾಯಿಯದ್ದಲ್ಲ. ಬಿ.ಎಸ್ಸಿ. ಮುಗಿಸಿದ ಮಗನೂ ಚಪ್ಪಲಿ ಬಿಟ್ಟು ಪಕ್ಕದಲ್ಲೇ ನಿಂತಿರುತ್ತಾನೆ.

ಸರ್ಕಾರದ್ದು ಇನ್ನೂ ಚೆಂದ. ಅಂತರ್ಜಲ ಕಾಪಾಡಲು 2011ರಲ್ಲಿ ಕಾಯ್ದೆ ತಂದಿತು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಮಾಡಿತು. ಗಂಗಾ ಕಲ್ಯಾಣದಲ್ಲಿ ಸಣ್ಣ ರೈತನಿಗೆ ಬೋರ್ ಕೊರೆಸಿಕೊಟ್ಟಿತು. ಪಕ್ಕದ ತೋಟದ ದೊಡ್ಡವರು ಅದಕ್ಕಿಂತ ಕೆಳಗಿಳಿದಾಗ ಕಣ್ಣು ಮುಚ್ಚಿತು. ಹೀರಲು ಸವಲತ್ತು, ಉಳಿಸಲು ಗೋಡೆಬರಹ.

ಆಳದ ನೀರಿನ ಜೊತೆ ಬಂಡೆಯ ಫ್ಲೋರೈಡೂ ಬರುತ್ತದೆ. ಹಲ್ಲು ಕಲೆಗಟ್ಟುತ್ತದೆ, ಕೀಲು ಬಿಗಿಯುತ್ತದೆ. ಅದಕ್ಕೆ ಶುದ್ಧ ನೀರಿನ ಘಟಕ. ಕಾಯಿನ್ ಹಾಕಿ, ಕ್ಯಾನ್ ತುಂಬಿಸಿ. ಸೋಸಿ ಮಿಕ್ಕಿದ್ದು ಮೋರಿಗೆ. ಪಾತಾಳದಿಂದ ಗಂಗೆಯನ್ನೆತ್ತಿ ಚರಂಡಿಗೆ ಬಿಡುವ ನಾವೂ ಭಗೀರಥರೇ!

ಫೇಲಾದ ಬೋರನ್ನು ತಳದಿಂದ ಬಾಯಿವರೆಗೆ ತುಂಬಿ ಮುಚ್ಚಿ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. ನಾವು ಗೋಣಿಚೀಲ ಹೊದಿಸಿದೆವು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗುವೊಂದು ಕೊಳವೆಬಾವಿಗೆ ಬಿತ್ತು. ಪುಣ್ಯಕ್ಕೆ ಬದುಕಿ ಬಂತು. ಟಿವಿ ಮುಂದೆ ಕೈಮುಗಿದು ಕೂತವರಲ್ಲಿ ಎಷ್ಟು ಮಂದಿ ಎದ್ದು ಹೋಗಿ ತಮ್ಮ ತೋಟದ ಗುಂಡಿ ನೋಡಿದರು?

ಬೋರಿಗೆ ನೀರು ಇಂಗಬೇಕಾದರೆ ಕೆರೆಯ ಹೂಳನ್ನು ನಾಲ್ಕಡಿ ಅಗೆಯಬೇಕು. ಆ ನಾಲ್ಕಡಿಗೆ ಆಳು ಸಿಗುವುದಿಲ್ಲ, ದುಡ್ಡು ಸಿಗುವುದಿಲ್ಲ, ಪುರುಸೊತ್ತಂತೂ ಇಲ್ಲವೇ ಇಲ್ಲ. ಅಂಗಳದಲ್ಲಿ ಜಾಲಿ, ಅಂಚಿನಲ್ಲಿ ಒತ್ತುವರಿ. ಕೆರೆ ಊರಿನದು, ಬೋರು ನನ್ನದು. ನನ್ನದಾದರೆ ಕೊಬ್ಬರಿ ಮಾರಿ, ಸಾಲದಿದ್ದರೆ ಹೆಂಡತಿಯ ಸರ ಅಡವಿಟ್ಟು, ಪಾತಾಳಕ್ಕೂ ಇಳಿಯುತ್ತೇನೆ. ಊರಿನದಾದರೆ ಮೊಣಕಾಲುದ್ದವೂ ಇಳಿಯಲಾರೆ.

ಸಭೆಗಳಲ್ಲಿ ಮಾತ್ರ ಎಲ್ಲರದೂ ಒಂದೇ ರಾಗ: ನೀರಿನ ಬಗ್ಗೆ ಆಳವಾಗಿ ಚಿಂತಿಸಬೇಕು. ಚಿಂತಿಸಿದವರು ಬಾಟಲಿ ನೀರು ಕುಡಿದು, ಬೋರ್ ಲಾರಿಯವನಿಗೆ ಅಡ್ವಾನ್ಸ್ ಕೊಡಲು ಹೊರಡುತ್ತಾರೆ. ಈ ಸಲ ಸಾವಿರದ ಐನೂರು ಅಡಿಯಂತೆ.

ಇಳಿಯಲಿ. ನೀರು ಸಿಗದಿದ್ದರೂ ಅಷ್ಟು ಕೆಳಗೆ ನಾಚಿಕೆಯಾದರೂ ಸಿಕ್ಕೀತು.